ಬೇರೆಯವರ ನೋವು ನಮ್ಮ ಹೆಸರಿಗೆ ಬೇಡ



ರಥಸಪ್ತಮಿಯ ಹೊತ್ತಿಗೆ ನಮ್ಮ ಹೇಮಗಿರಿಯಲ್ಲಿ ದನಗಳ ಜಾತ್ರೆ. ಹೇಮಾವತಿಯ ದಡದಲ್ಲಿ ರೈತರು ಚಪ್ಪರ ಹಾಕಿ, ಜೋಡಿ ಎತ್ತುಗಳನ್ನು ಕಟ್ಟಿಕೊಂಡು ದಿನಗಟ್ಟಲೆ ಅಲ್ಲೇ ಉಳಿಯುತ್ತಾರೆ. ಕೊಳ್ಳಲು ಬಂದವನು ಮಾರುವವನ ಬಾಯಿಮಾತನ್ನು ನಂಬುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎಲ್ಲ ಒಪ್ಪಿಗೆಯಾದ ಮೇಲೆ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾನೆ. ದನದ ವ್ಯಾಪಾರಕ್ಕೆ ಇದು ಸರಿ.

ಈ ಸಲ ಆ ಜಾತ್ರೆಯಲ್ಲಿ ನನ್ನ ಅಕ್ಕನ ಮಗ ಸಿಕ್ಕಿದ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, "ಮಾವ, ಒಂದು ಕಾಗದ ಬರ್ಕೊಡಿ ಸಾಕು. ಪತ್ರಿಕೆ ಲೆಟರ್‌ಹೆಡ್ ಮೇಲೆ ಇದ್ರೆ ಬೆಲೆ ಇರ್ತದೆ" ಅಂದ. ಏನು ಕಾಗದ ಎಂದೆ. "ನಮ್ಮ ಮನೆಯವರು ಹಿಂದಿನಿಂದ ಬೇಡ ಜಂಗಮರು ಅಂತ. ಮಗಂಗೆ ಸೀಟು ಆಗ್ಬೇಕು" ಅಂದ.

ನಾನು ಹುಟ್ಟಿನಿಂದ ಅಯ್ಯನವರ ಮನೆಯವನು. ಅವನೂ ಅಷ್ಟೆ. ನಮ್ಮಿಬ್ಬರ ಮನೆಗಳಲ್ಲಿ ಯಾರೂ ಯಾವತ್ತೂ ಬೇಡ ಜಂಗಮರಾಗಿರಲಿಲ್ಲ. ಅದನ್ನು ಹೇಳಿದೆ. ಅವನು ನಗುತ್ತಾ, "ಬೇಡ ಅಂದ್ರೆ ಬೇಡೋನು ಅಂತ ಮಾವ. ತಾತ ಜೋಳಿಗೆ ಹಿಡ್ಕೊಂಡು ಭಿಕ್ಷಕ್ಕೆ ಹೋಗ್ತಿರಲಿಲ್ವಾ?" ಅಂದ. ನಾನು ಆ ಕ್ಷಣ ಖಡಾಖಂಡಿತ ಇಲ್ಲ ಎನ್ನಬೇಕಿತ್ತು. ಅಕ್ಕನ ಮುಖ ಕಣ್ಮುಂದೆ ಬಂತು. "ನೋಡೋಣ" ಎಂದು ಬಂದುಬಿಟ್ಟೆ. ಆ ‘ನೋಡೋಣ’ ನನ್ನನ್ನು ಎರಡು ವಾರ ನಿದ್ದೆ ಮಾಡಲು ಬಿಟ್ಟಿಲ್ಲ. ಈ ಸಂಪಾದಕೀಯ ಅವನಿಗೆ ನನ್ನ ಉತ್ತರ. ಅವನಂತೆ ಕೇಳುತ್ತಿರುವ ಎಲ್ಲರಿಗೂ ಇದೇ ಉತ್ತರ.

ಮೊದಲು ವಿಷಯ ಏನೆಂದು ಬಿಡಿಸಿ ಹೇಳುತ್ತೇನೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಅವುಗಳಲ್ಲಿ ‘ಬೇಡ ಜಂಗಮ, ಬುಡ್ಗ ಜಂಗಮ’ ಎಂಬುದೂ ಒಂದು. ಇವರು ಊರೂರು ಅಲೆಯುತ್ತ, ಊರಾಚೆ ಗುಡಾರ ಹಾಕಿಕೊಂಡು, ವೇಷ ಕಟ್ಟಿ, ಬುರ್ರಕಥೆ ಹೇಳಿ ಹೊಟ್ಟೆ ಹೊರೆದ ಜನ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಹೆಸರು ಕೇಳಿದ್ದೀರಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟ ಆ ಬುರ್ರಕಥೆಯ ಮಹಾತಾಯಿ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಆಕೆ ರಾತ್ರಿಗಟ್ಟಲೆ ಕಥನಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಬುಡ್ಗ ಜಂಗಮರೆಂದರೆ ಅವರು. ಮೊದಲು ರಾಜ್ಯದ ಕೆಲವು ಭಾಗಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಈ ಹೆಸರು, 1976ರ ತಿದ್ದುಪಡಿ ಕಾಯ್ದೆ ಪ್ರಾದೇಶಿಕ ಮಿತಿಯನ್ನು ತೆಗೆದ ಮೇಲೆ ಇಡೀ ರಾಜ್ಯಕ್ಕೆ ಅನ್ವಯವಾಯಿತು. ಅಲ್ಲಿಂದ ಶುರುವಾಯಿತು ನೋಡಿ, ವೀರಶೈವ ಲಿಂಗಾಯತ ಜಂಗಮರಲ್ಲಿ ಹಲವರ ಹೊಸ ನೆನಪು. ಹೆಸರಿನಲ್ಲಿ ‘ಜಂಗಮ’ ಇದೆ, ನಾವೂ ಜಂಗಮರು, ಆದ್ದರಿಂದ ನಾವೇ ಅವರು ಎಂಬ ವಾದ. 2022ರಲ್ಲಿ ಇಂಥ ಪ್ರಮಾಣಪತ್ರದ ವಿಚಾರ ವಿಧಾನಸಭೆಯವರೆಗೂ ಹೋಯಿತು. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆದಾಗಲೂ, ಜಂಗಮರು ಬೇಡ ಜಂಗಮರೆಂದು ಬರೆಸುತ್ತಿದ್ದಾರೆ ಎಂದು ದಲಿತ ಮುಖಂಡರು ದೂರಿದರು.

ಭಿಕ್ಷದ ಮಾತಿಗೆ ಬರುತ್ತೇನೆ. ನನ್ನ ತಾತ ಭಿಕ್ಷಕ್ಕೆ ಹೋಗುತ್ತಿದ್ದುದು ನಿಜ. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗಿದ್ದೇನೆ. ತಾತ ಬಾಗಿಲಿಗೆ ಬಂದರೆ ಮನೆಯ ಯಜಮಾನ ಎದ್ದು ಬರುತ್ತಿದ್ದ. ಚೊಂಬಿನಲ್ಲಿ ನೀರು ತಂದು ಪಾದ ತೊಳೆಯುತ್ತಿದ್ದ. ಒಳಗೆ ಕರೆದು ಗದ್ದುಗೆಯಂತೆ ಕಂಬಳಿ ಹಾಸಿ ಕೂರಿಸುತ್ತಿದ್ದ. ಹೊರಡುವಾಗ ಮೊರದ ತುಂಬ ರಾಗಿ, ಹುರುಳಿ. ಅದೇ ಊರಿಗೆ ವೇಷಗಾರರು ಬಂದರೆ ಅಂಗಳದಾಚೆ ನಿಲ್ಲಬೇಕಿತ್ತು. ಅವರ ಬಟ್ಟಲಿಗೆ ಮೇಲಿನಿಂದ ಹಾಕುತ್ತಿದ್ದರು. ಇಬ್ಬರೂ ಬೇಡಿದವರೇ. ಒಬ್ಬರನ್ನು ಹೊಸ್ತಿಲ ಒಳಗೆ ಕರೆದು ಕಾಲು ತೊಳೆದರು, ಇನ್ನೊಬ್ಬರ ನೆರಳನ್ನೂ ಹೊಸ್ತಿಲಿಗೆ ಸೋಕಿಸಿಕೊಳ್ಳಲಿಲ್ಲ. ಮೀಸಲಾತಿ ಇರುವುದು ಬೇಡಿದ್ದಕ್ಕಲ್ಲ, ಆ ಹೊಸ್ತಿಲಿಗಾಗಿ.

ಇನ್ನೊಂದು ಹಳೆಯ ಸಂಗತಿಯನ್ನೂ ನೆನಪಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಜನಗಣತಿ ನಡೆದಾಗ, ತಮ್ಮನ್ನು ಶೂದ್ರರ ಸಾಲಿಗೆ ಸೇರಿಸಿದ್ದಾರೆಂದು ನಮ್ಮ ಹಿರಿಯರು ಸಿಟ್ಟಾದರು. ತಮ್ಮನ್ನು ವೀರಶೈವ ಬ್ರಾಹ್ಮಣರೆಂದು ಬರೆಯಬೇಕೆಂದು ಸರ್ಕಾರಕ್ಕೆ ಅಹವಾಲು ಕೊಟ್ಟರು. ಮುತ್ತಾತ ಬ್ರಾಹ್ಮಣ ಎಂದು ಬರೆಸಲು ಹೊರಟ, ಮರಿಮಗ ಅಸ್ಪೃಶ್ಯ ಎಂದು ಬರೆಸಲು ಹೊರಟಿದ್ದಾನೆ. ನಡುವೆ ಮನೆ ಬದಲಾಗಲಿಲ್ಲ, ಗದ್ದುಗೆ ಬದಲಾಗಲಿಲ್ಲ, ನೆಂಟಸ್ತಿಕೆ ಬದಲಾಗಲಿಲ್ಲ. ಬದಲಾದದ್ದು ಪಟ್ಟಿಯಲ್ಲಿ ಲಾಭ ಇರುವ ಜಾಗ ಮಾತ್ರ. ಅಂದು ಮರ್ಯಾದೆ ಮೇಲಿತ್ತು, ಇಂದು ಸೀಟು ಕೆಳಗಿದೆ. ಈ ಎರಡೂ ಬರಹಗಳಲ್ಲಿ ಬಸವಣ್ಣನವರು ಎಲ್ಲಿದ್ದಾರೆ?

ಇದು ನಮ್ಮ ನಾಡಿನ ಪ್ರಶ್ನೆ ಮಾತ್ರವಲ್ಲ. ಅಮೆರಿಕದಲ್ಲಿ 1950ರ ಗಣತಿಯವರೆಗೂ ಮನೆಗೆ ಬಂದ ಗಣತಿದಾರನೇ ಮುಖ ನೋಡಿ ಇವರು ಬಿಳಿಯರು, ಇವರು ಕರಿಯರು ಎಂದು ಬರೆದುಕೊಳ್ಳುತ್ತಿದ್ದ. ಆಮೇಲೆ ಜನ ತಾವೇ ಬರೆಯುವ ಪದ್ಧತಿ ಬಂತು. ಅದು ಒಳ್ಳೆಯದೇ, ಮನುಷ್ಯ ಯಾರೆಂದು ಹೇಳುವ ಅಧಿಕಾರ ಅವನಿಗಿರಬೇಕು. ಆದರೆ 2015ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಒಂದು ಪ್ರಕರಣ ಹೊರಬಂತು. ಕರಿಯರ ಹಕ್ಕುಗಳಿಗಾಗಿ ಹೋರಾಡುವ ಹಳೆಯ ಸಂಘಟನೆ ಎನ್‌ಎಎಸಿಪಿಯ ಅಲ್ಲಿನ ಘಟಕದ ಅಧ್ಯಕ್ಷೆ ರೇಚಲ್ ಡೊಲೆಜಾಲ್ ತಮ್ಮನ್ನು ಕರಿಯ ಮಹಿಳೆ ಎಂದು ಹೇಳಿಕೊಂಡಿದ್ದರು. ಅವರ ತಂದೆತಾಯಿ ಇಬ್ಬರೂ ಬಿಳಿಯರು ಎಂದು ತಂದೆತಾಯಿಯೇ ಬಹಿರಂಗಪಡಿಸಿದರು. ಆಕೆ ರಾಜೀನಾಮೆ ಕೊಟ್ಟರು. ಆದರೂ ತಾನು ಕರಿಯಳೆಂದೇ ಭಾವಿಸುತ್ತೇನೆ ಎಂದರು. ಕರಿಯರ ಪರ ಕೆಲಸ ಮಾಡಿದ್ದಕ್ಕೆ ಆಕೆಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು, ತಲೆತಲಾಂತರದಿಂದ ಅನುಭವಿಸಿದವರ ಗಾಯವನ್ನು ತನ್ನದೆಂದು ಹೇಳಿಕೊಂಡದ್ದಕ್ಕೆ. ಬಿಳಿಯಳಾಗಿಯೇ ಅವರ ಜೊತೆ ನಿಲ್ಲಬಹುದಿತ್ತಲ್ಲ ಎಂಬುದು ಜನ ಕೇಳಿದ ಪ್ರಶ್ನೆ.

ನಮ್ಮ ಉತ್ತರ ಕನ್ನಡದ ಸಿದ್ದಿಗಳ ಕಷ್ಟ ಇದಕ್ಕೆ ತದ್ವಿರುದ್ಧ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ ಅವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಬಾಳುತ್ತಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿ ಹುಡುಗ ಊರು ಬಿಟ್ಟು ಪಟ್ಟಣಕ್ಕೆ ಬಂದು ಕನ್ನಡದಲ್ಲಿ ಮಾತಾಡಿದರೂ, ಯಾವ ದೇಶ ನಿಮ್ಮದು ಎಂದು ಕೇಳುವವರೇ ಹೆಚ್ಚು. ಅವನು ಇರುವುದನ್ನೇ ಹೇಳುತ್ತಾನೆ, ಜನ ನಂಬುವುದಿಲ್ಲ. ನಮ್ಮ ಅಯ್ಯನವರ ಮಗ ಇಲ್ಲದ್ದನ್ನು ಹೇಳುತ್ತಾನೆ, ಕಚೇರಿಯಲ್ಲಿ ಮೊಹರು ಬೀಳುತ್ತದೆ. ಯಾರ ಮಾತು ನಡೆಯುತ್ತದೆ ಎಂಬುದು ಮಾತಿನ ಸತ್ಯದ ಮೇಲೆ ನಿಂತಿಲ್ಲ, ಮಾತಾಡುವವನ ಬಲದ ಮೇಲೆ ನಿಂತಿದೆ.

ಹಾಗಾದರೆ ಹೇಳಿಕೊಂಡ ಗುರುತನ್ನೆಲ್ಲ ಅನುಮಾನದಿಂದ ನೋಡಬೇಕೆ? ಅಲ್ಲ. ನಮ್ಮ ಧರ್ಮ ಹುಟ್ಟಿದ್ದೇ ಹೇಳಿಕೊಂಡ ಗುರುತಿನಿಂದ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಬ್ರಾಹ್ಮಣ ಮಧುವರಸರೂ ಲಿಂಗ ಕಟ್ಟಿಕೊಂಡ ಮೇಲೆ, ನಾವಿಬ್ಬರೂ ಶರಣರು, ನಮಗೆ ಬೇರೆ ಕುಲವಿಲ್ಲ ಎಂದರು. ಮಕ್ಕಳ ಮದುವೆ ಮಾಡಿದರು. ಅರಮನೆ ಆ ಮಾತನ್ನು ಒಪ್ಪಲಿಲ್ಲ. ನೀನು ಹೇಳಿಕೊಂಡದ್ದು ನಡೆಯುವುದಿಲ್ಲ, ನೀನು ಯಾರೆಂದು ನಿನ್ನ ಹುಟ್ಟು ಹೇಳುತ್ತದೆ ಎಂದಿತು. ಎಳೆಹೂಟೆಯ ಶಿಕ್ಷೆ ಕೊಟ್ಟಿತು. ಹೇಳಿಕೊಂಡ ಗುರುತಿಗಾಗಿ ಆ ಇಬ್ಬರು ಪ್ರಾಣವನ್ನೇ ಕೊಟ್ಟರು. ಹರಳಯ್ಯನವರು ಹೊಸ ಹೆಸರಿನಿಂದ ಪಡೆದುಕೊಂಡದ್ದೇನೂ ಇಲ್ಲ, ಕೊಟ್ಟದ್ದೇ ಎಲ್ಲ. ನನ್ನ ಅಕ್ಕನ ಮಗ ಹೊಸ ಹೆಸರಿನಿಂದ ಕೊಡುವುದೇನೂ ಇಲ್ಲ, ಪಡೆಯುವುದೇ ಎಲ್ಲ.

ಆದ್ದರಿಂದ ನಾನು ಕಂಡುಕೊಂಡ ಗೆರೆ ಇಷ್ಟು. ನಂಬಿಕೆಯನ್ನು, ಧರ್ಮವನ್ನು ಮನುಷ್ಯ ತಾನೇ ಆರಿಸಿಕೊಳ್ಳಬಹುದು. ಅದನ್ನು ಕೇಳಿದವರು ಒಪ್ಪಬೇಕು, ಹಲ್ಲು ಎಣಿಸಬಾರದು. ಆದರೆ ಬೇರೆಯವರು ಹೊತ್ತ ಅವಮಾನವನ್ನು, ಅದಕ್ಕೆ ಪರಿಹಾರವಾಗಿ ಇಟ್ಟ ಪಾಲನ್ನು ಬಾಯಿಮಾತಿನಿಂದ ನಮ್ಮದು ಮಾಡಿಕೊಳ್ಳಲಾಗದು. ಅಲ್ಲಿ ಸರ್ಕಾರ ಪರಿಶೀಲಿಸುವುದು ತಪ್ಪಲ್ಲ. 1994ರಲ್ಲಿ ಸುಪ್ರೀಂ ಕೋರ್ಟ್ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಜಾತಿ ಪ್ರಮಾಣಪತ್ರಗಳ ಪರಿಶೀಲನಾ ಸಮಿತಿಗಳು ಇರಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಪರಿಶೀಲನೆಯೂ ಕ್ರೂರವಾಗಬಹುದು. ನಿನ್ನ ಬುಡಕಟ್ಟಿನ ಆಚಾರ ಹೇಳು, ಹಾಡು ಹೇಳು ಎಂದು ಪಟ್ಟಣದಲ್ಲಿ ಬೆಳೆದ ಮಗುವನ್ನು ಕೇಳಿ, ಗೊತ್ತಿಲ್ಲವೆಂದರೆ ನೀನು ಅವನಲ್ಲ ಎನ್ನುವುದು ಅನ್ಯಾಯ. 2023ರಲ್ಲಿ ಸುಪ್ರೀಂ ಕೋರ್ಟ್ ಅಂಥ ಪ್ರಶ್ನೋತ್ತರವೊಂದೇ ನಿರ್ಣಾಯಕವಲ್ಲ ಎಂದು ಸ್ಪಷ್ಟಪಡಿಸಿತು. ಕಳ್ಳ ಹಕ್ಕುದಾರ ಹೆಚ್ಚಾದಷ್ಟೂ ನಿಜವಾದ ಹಕ್ಕುದಾರನ ಮೇಲೆ ಅನುಮಾನ ಹೆಚ್ಚುತ್ತದೆ. ಗುಡಾರದಲ್ಲಿ ಬೆಳೆದ ಬುಡ್ಗ ಜಂಗಮರ ಮಗಳು ಇವತ್ತು ತಾಲ್ಲೂಕು ಕಚೇರಿಗೆ ಹೋದರೆ, ಇವಳೂ ಆ ನಕಲಿಗಳವಳೋ ಏನೋ ಎಂದು ನೋಡುವ ಕಣ್ಣನ್ನು ಅವಳ ಎದುರಿಗೆ ಇಟ್ಟವರು ನಾವು.

ಇಷ್ಟೇ ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಇನ್ನರ್ಧ ನಮಗೆ ಹೆಚ್ಚು ಕಹಿ.

ಹಿಂದಿನ ವರ್ಷ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತಲ್ಲ, ದಸರಾ ರಜೆಯಲ್ಲಿ ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆಗೆ ಬಂದರು. ಬಾಗಿಲಿಗೆ ಅಂಟಿಸಿದ ಚೀಟಿ ಇನ್ನೂ ಹಲವು ಮನೆಗಳಲ್ಲಿದೆ. ಧರ್ಮದ ಕಾಲಂನಲ್ಲಿ ಲಿಂಗಾಯತ ಎಂದು ಬರೆಸಿ ಎಂದು ಒಂದು ಕಡೆ, ವೀರಶೈವ ಲಿಂಗಾಯತ ಎಂದು ಇನ್ನೊಂದು ಕಡೆ ಸಭೆಗಳಾದವು, ಕರಪತ್ರಗಳು ಹಂಚಿಕೆಯಾದವು. ನಾವೂ ಹಂಚಿದೆವು. ನಮ್ಮೂರಿನ ಕೊನೆಯ ಬೀದಿಯಲ್ಲಿ ಗಾರೆ ಕೆಲಸದ ಒಬ್ಬ ಶರಣರಿದ್ದಾರೆ. ಅವರ ತಂದೆ ದಲಿತ ಕೇರಿಯಿಂದ ಬಂದು ಲಿಂಗದೀಕ್ಷೆ ಪಡೆದವರು. ಮಗನೂ ದಿನ ತಪ್ಪಿಸದೆ ಲಿಂಗಪೂಜೆ ಮಾಡುವವರು. ನಮ್ಮಲ್ಲಿ ಹುಟ್ಟಿನಿಂದ ಲಿಂಗಾಯತರಾದ ಎಷ್ಟು ಜನ ಹಾಗೆ ಮಾಡುತ್ತೇವೆ? ನಾನು ಕರಪತ್ರ ಕೊಟ್ಟು ವಿಚಾರಿಸಿದೆ. ಅವರು ಹಿಂದೂ ಎಂದೂ, ತಂದೆಯ ಹಳೆಯ ಜಾತಿಯನ್ನೂ ಬರೆಸಿದ್ದರು. ಯಾಕೆ ಎಂದೆ.

"ಐನೋರೇ, ಲಿಂಗ ಕೊರಳಲ್ಲೈತೆ. ಮಗಳ ಸ್ಕಾಲರ್‌ಶಿಪ್ಪು ಆ ಕಾಗದದಲ್ಲೈತೆ. ಎರಡ್ರಾಗೆ ಒಂದ ಬಿಡು ಅಂದ್ರೆ ಹೆಂಗೆ ಬಿಡ್ಲಿ?" ಅಂದರು.

ಅವರ ಭಯ ಬುಡವಿಲ್ಲದ್ದಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯವರೆಂದು ಎಣಿಕೆಯಾಗುವುದಿಲ್ಲ. ಸಿಖ್ಖರನ್ನು ಸೇರಿಸಿದ್ದು 1956ರಲ್ಲಿ. ಅದೇ ವರ್ಷ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ಅವರ ಹಿಂದೆ ಹೋದ ಲಕ್ಷಾಂತರ ಜನ ಈ ಹಕ್ಕಿಗಾಗಿ 1990ರವರೆಗೆ ಕಾಯಬೇಕಾಯಿತು. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯಂತೆ ರಾಜ್ಯ ಸಂಪುಟ ನಮ್ಮ ಧಾರ್ಮಿಕ ಅಲ್ಪಸಂಖ್ಯಾತ ಮನ್ನಣೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ನಾಳೆ ಒಪ್ಪಿದರೆ ಆ ಗಾರೆ ಕೆಲಸದ ಶರಣರ ಮಗಳ ಗತಿ ಏನು? ನಮ್ಮ ಬೇಡಿಕೆ ಪತ್ರಗಳಲ್ಲಿ ಆ ಪ್ರಶ್ನೆಗೆ ಎಷ್ಟು ಸಾಲು ಇದೆ?

ಅವರು ಇನ್ನೊಂದು ಮಾತನ್ನೂ ಹೇಳಿದರು. ಒಂದು ಮಠದ ದಾಸೋಹದಲ್ಲಿ ಪಕ್ಕ ಕೂತವರು, ನೀವು ಯಾವ ಲಿಂಗಾಯತರು ಎಂದು ಕೇಳಿದರಂತೆ. ಲಿಂಗಾಯತ ಅಷ್ಟೇ ಎಂದರಂತೆ. ಅಲ್ಲ, ಒಳಗಡೆ ಯಾವುದು, ಬಣಜಿಗರೋ, ಗಾಣಿಗರೋ, ಸಾದರೋ ಎಂದು ಬಿಡಲಿಲ್ಲವಂತೆ. ಗೊತ್ತಾದ ಮೇಲೆ ಎಲೆ ಬಿಟ್ಟು ಎದ್ದು ಹೋಗಲಿಲ್ಲ, ಆದರೆ ಮುಂದಿನ ಸಲ ಆ ಸಾಲಿನಲ್ಲಿ ಕೂರಲಿಲ್ಲ. "ಹಲ್ಲು ನೋಡಿದಂಗೆ ನೋಡುದ್ರು ಐನೋರೇ" ಅಂದರು. ಹೇಮಗಿರಿಯ ಜಾತ್ರೆ ನೆನಪಾದದ್ದು ನನಗೆ ಆಗಲೇ.

ಈ ಸೀಮೆಗೆ ಹೊಸ್ತಿಲಿನ ಪಾಠ ಹೊಸದಲ್ಲ. ಪಕ್ಕದ ಮೇಲುಕೋಟೆಯಲ್ಲಿ ರಾಮಾನುಜರು ದಲಿತರಿಗೆ ತಿರುಕುಲದವರೆಂದು ಹೆಸರಿಟ್ಟರೆಂದು ಪರಂಪರೆ ಹೇಳುತ್ತದೆ. ಹೆಸರು ಸಿಕ್ಕಿತು, ಗುಡಿಯ ಬಾಗಿಲು ಮಾತ್ರ ಬಹುಕಾಲ ವರ್ಷದಲ್ಲಿ ಕೆಲವೇ ದಿನ ಅವರಿಗೆ ತೆರೆಯುತ್ತಿತ್ತು. ಅದನ್ನು ನೋಡಿ ನಾವು ಟೀಕಿಸುತ್ತೇವೆ. ನಾವು ಮಾಡಿದ್ದೇನು? ಲಿಂಗ ಕೊಟ್ಟೆವು, ಪಂಕ್ತಿಯಲ್ಲಿ ಒಳಪಂಗಡ ಕೇಳಿದೆವು.

ಹೀಗೆ ಎರಡು ಮನೆ ನಮ್ಮ ಮುಂದಿವೆ. ಅಯ್ಯನವರ ಮನೆಯವನು ತಾನಲ್ಲದ್ದನ್ನು ಧೈರ್ಯವಾಗಿ ಬರೆಸುತ್ತಾನೆ. ದೀಕ್ಷೆ ಪಡೆದ ಶರಣ ತಾನಾಗಿರುವುದನ್ನು ಬರೆಸಲು ಹೆದರುತ್ತಾನೆ. ಮೊದಲನೆಯವನಿಗೆ ನಾವು ಶಿಫಾರಸು ಪತ್ರ ಕೊಡುತ್ತೇವೆ, ಎರಡನೆಯವನಿಗೆ ಪ್ರಶ್ನೆ ಕೇಳುತ್ತೇವೆ. ಇದು ತಲೆಕೆಳಗಾಗಬೇಕು.

ಬಡ ಜಂಗಮರಿಲ್ಲವೇ ಎಂದು ಕೇಳುವಿರಿ. ಇದ್ದಾರೆ, ನಮ್ಮ ಬಳಗದಲ್ಲೇ ಇದ್ದಾರೆ. ಜಮೀನಿಲ್ಲ, ಭಿಕ್ಷದ ಕಾಲ ಮುಗಿಯಿತು, ಪೌರೋಹಿತ್ಯದಿಂದ ಹೊಟ್ಟೆ ತುಂಬುವುದಿಲ್ಲ. ಅವರ ಬಡತನ ಸುಳ್ಳಲ್ಲ. ಅದನ್ನು ಅವರ ನಿಜವಾದ ಹೆಸರಿನಲ್ಲೇ ಹೇಳೋಣ. ವೀರಶೈವ ಲಿಂಗಾಯತರು ರಾಜ್ಯದ ಪ್ರವರ್ಗ 3ಬಿಯಲ್ಲಿದ್ದಾರೆ, ಅದಕ್ಕೆ ಶೇ. 5 ಮೀಸಲಾತಿ ಇದೆ. ಅದು ಸಾಲದೆಂದರೆ ಹೆಚ್ಚಿಸಿ ಎಂದು ಕೇಳೋಣ. ಮಠಗಳ ವಿದ್ಯಾರ್ಥಿನಿಲಯಗಳಿವೆ, ಕಾಲೇಜುಗಳಿವೆ. ಬಡ ಅಯ್ಯನವರ ಮಗನಿಗೆ ಅಲ್ಲಿ ಶುಲ್ಕವಿಲ್ಲದ ಸೀಟು ಕೊಡಲು ಯಾವ ತಹಸೀಲ್ದಾರರ ಮೊಹರೂ ಬೇಡ. ನಮ್ಮ ಮನೆಯ ಹಸಿವಿಗೆ ನಮ್ಮ ಕಣಜ ತೆಗೆಯದೆ, ಗುಡಾರದವರ ಬಟ್ಟಲಿಗೆ ಕೈ ಹಾಕುವುದು ಯಾವ ದಾಸೋಹ?

ಮಠಗಳ ಪೂಜ್ಯರಲ್ಲಿ, ಬಳಗದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಯಾರಿಗೂ ಬೇಡ ಜಂಗಮರೆಂದು ಮಠದ ಕಾಗದದಲ್ಲಿ ಬರೆದುಕೊಡಬೇಡಿ. ಈಗಾಗಲೇ ಪಡೆದವರು ತಮ್ಮ ಮನಸ್ಸಾಕ್ಷಿಯನ್ನು ಕೇಳಿ ಹಿಂತಿರುಗಿಸಲಿ. ತನಿಖೆ ಬರುವವರೆಗೆ ಕಾಯುವುದಕ್ಕಿಂತ ಅದು ಗೌರವದ ದಾರಿ. ದಾಸೋಹದ ಪಂಕ್ತಿಯಲ್ಲಿ, ಮದುವೆಯ ಮಾತುಕತೆಯಲ್ಲಿ ಒಳಪಂಗಡ ಕೇಳುವುದನ್ನು ಮಠಗಳೇ ಮೊದಲು ನಿಲ್ಲಿಸಲಿ. ನಮ್ಮ ಧರ್ಮದ ಮನ್ನಣೆ ಕೇಳುವ ಪ್ರತಿ ಮನವಿಯಲ್ಲೂ, ದೀಕ್ಷೆ ಪಡೆದ ದಲಿತರಿಗೆ ಬೌದ್ಧರಿಗಿರುವಂತೆ ಪರಿಶಿಷ್ಟ ಜಾತಿಯ ಹಕ್ಕು ಉಳಿಯಬೇಕೆಂಬ ಸಾಲು ಮೊದಲ ಪುಟದಲ್ಲೇ ಇರಲಿ. ಆ ಸಾಲಿಲ್ಲದ ಮನ್ನಣೆ ನಮಗೆ ಬೇಡ ಎನ್ನುವಷ್ಟು ಗಟ್ಟಿ ನಿಲುವು ನಮ್ಮದಾಗಲಿ.

2027ರ ಜನಗಣತಿ ಬಾಗಿಲಲ್ಲಿದೆ. 1931ರ ನಂತರ ಮೊದಲ ಸಲ ಇಡೀ ದೇಶದ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳಲಿದ್ದಾರೆ. ಮೇಷ್ಟ್ರು ಮತ್ತೆ ನಮ್ಮ ಜಗಲಿಯ ಮೇಲೆ ಕೂರುತ್ತಾರೆ. ಹೇಮಗಿರಿಯಿಂದ ದೂರವಿಲ್ಲದ ಕಾಪನಹಳ್ಳಿಯ ಗವಿಮಠಕ್ಕೆ ಹೋದಾಗಲೆಲ್ಲ ನಾನು ಸ್ವತಂತ್ರ ಸಿದ್ಧಲಿಂಗೇಶ್ವರರನ್ನು ನೆನೆಯುತ್ತೇನೆ. ಅವರು ‘ಜಂಗಮ ರಗಳೆ’ ಬರೆದವರು. ಜಂಗಮ ಎಂಬ ಮಾತು ಅವರಿಗೆ ಮತ್ತು ಅವರ ಹಿಂದಿನ ಶರಣರಿಗೆ ಒಂದು ನಿಲುವಾಗಿತ್ತು, ಅರಿವಾಗಿತ್ತು. ಅದನ್ನು ನಾವು ಮೊದಲು ಜಾತಿ ಮಾಡಿದೆವು. ಈಗ ಪ್ರಮಾಣಪತ್ರ ಮಾಡುತ್ತಿದ್ದೇವೆ.

ಅಕ್ಕನ ಮಗನಿಗೆ ನಿನ್ನೆ ಫೋನ್ ಮಾಡಿದೆ. ಕಾಗದ ಬರೆದುಕೊಡುವುದಿಲ್ಲ ಎಂದೆ. ಮಗನ ಓದಿಗೆ ನನ್ನಿಂದಾಗುವಷ್ಟು ಕೊಡುತ್ತೇನೆ, ಮಠದ ವಿದ್ಯಾರ್ಥಿನಿಲಯದಲ್ಲಿ ಮಾತಾಡುತ್ತೇನೆ ಎಂದೆ. ಅವನು ಏನೂ ಹೇಳದೆ ಫೋನ್ ಇಟ್ಟ. ಅಕ್ಕ ಮಾತು ಬಿಡಬಹುದು. ನೋವಾಗುತ್ತದೆ. ಆ ನೋವು ನನ್ನದೇ, ಅದನ್ನು ನಾನೇ ಹೊರುತ್ತೇನೆ.